ಮನೆ ಬದಲಾಯಿಸಿದರೆ ಜಾಣತನ, ಶಾಲೆ ಬದಲಾಯಿಸಿದರೆ ಮೋಸ!

ತುಂಬಾ ದಿನ ಆಯ್ತು ಈ ಕಡೆ ತಲೆ ಹಾಕಿ. ರಿಲೀಸು, ಪ್ರೊಡಕ್ಷನ್ ಇಶ್ಯೂ, ನಡುರಾತ್ರಿ ಫೋನು ಅಂತ ಎರಡು ತಿಂಗಳು ಒಂದಕ್ಷರ ಬರೆದಿಲ್ಲ. ಬರೆಯದೇ ಇದ್ದಿದ್ದಕ್ಕೆ ಯಾರೂ ಕಣ್ಣೀರು ಹಾಕಿಲ್ಲ ಅನ್ನೋದೂ ಗೊತ್ತು :-) ಆದರೆ ಹೋದ ಶನಿವಾರ ಕೇಳಿದ ಒಂದು ಮಾತು ಇವತ್ತಿಗೂ ಗಂಟಲಲ್ಲೇ ಕೂತಿದೆ. ಅಲ್ಲೇ ಉತ್ತರ ಕೊಡಬೇಕಿತ್ತು, ಕೊಡಲಿಲ್ಲ. ಕೈಯಲ್ಲಿ ಬಿಸಿಬೇಳೆಬಾತಿನ ತಟ್ಟೆ ಇತ್ತು, ಅನ್ನದ ಋಣ. ಅದಕ್ಕೇ ಇಲ್ಲಿ ಕಾರಿಕೊಳ್ತಾ ಇದೀನಿ.

ಶಿಕಾಗೋ ಪಕ್ಕದ ನೇಪರ್‌ವಿಲ್‌ನಲ್ಲಿ ನಮ್ಮ ಕನ್ನಡದವರ ಪಾಟ್‌ಲಕ್ ಇತ್ತು. ಮಾತು ಶುರು ಮಾಡಿದವರು ಒಬ್ಬ ಹಿರಿಯರು. ಹೆಸರು ಬೇಡ, ರಾಯರು ಅಂತ ಇಟ್ಕೊಳ್ಳಿ. ಅವರ ಮಗ ಇಲ್ಲಿನ ಸರ್ಕಾರಿ ಹೈಸ್ಕೂಲಿನ ಬ್ಯಾಸ್ಕೆಟ್‌ಬಾಲ್ ಟೀಮಿನಲ್ಲಿದ್ದಾನೆ. ಆಡ್ತಾನೆ ಅನ್ನೋದಕ್ಕಿಂತ ಬೆಂಚಿನ ಮೇಲೆ ಕೂರ್ತಾನೆ (ಪಾಪ, ಹುಡುಗನೇ ನಗ್ತಾ ಹೇಳಿದ್ದು). ಈ ಸಲ ಅವರ ಟೀಮು ಒಂದು ಖಾಸಗಿ ಕ್ಯಾಥೊಲಿಕ್ ಶಾಲೆಯ ಎದುರು ಮೂವತ್ತು ಪಾಯಿಂಟಿನಿಂದ ಸೋತಿತಂತೆ. ಆ ಶಾಲೆಯಲ್ಲಿ ಆರಡಿ ಎಂಟಿಂಚಿನ ಒಬ್ಬ ಆಫ್ರಿಕನ್-ಅಮೆರಿಕನ್ ಹುಡುಗ ಇದ್ದನಂತೆ. ಹೋದ ವರ್ಷ ಶಿಕಾಗೋ ಸಿಟಿಯ ಯಾವುದೋ ಶಾಲೆಯಲ್ಲಿದ್ದವನು ಈ ವರ್ಷ ಇಲ್ಲಿ.

"ಇದು ಮೋಸ ಅಲ್ವೇನಯ್ಯಾ? ಅವನೇನು ಓದೋಕೆ ಬಂದಿದಾನಾ? ಬಾಲ್ ಆಡೋಕೆ ಎತ್ತಾಕ್ಕೊಂಡು ಬಂದಿದಾರೆ. ಆ ಸ್ಕೂಲಿನ ಫೀಸು ಕಟ್ಟೋ ಮನೆಯವರಾ ಅವರು? ಇಂಥೋರನ್ನ ಎರಡು ವರ್ಷ ಆಟ ಮುಟ್ಟೋಕೆ ಬಿಡಬಾರದು, ಆಗ ಬುದ್ಧಿ ಬರತ್ತೆ" ಅಂದರು ರಾಯರು.

ಸುತ್ತ ಇದ್ದವರೆಲ್ಲ ತಲೆ ಆಡಿಸಿದರು. ನಾನೂ ಆಡಿಸಿದೆನೋ ಏನೋ, ನೆನಪಿಲ್ಲ. ಆಡಿಸಿದ್ರೂ ಆಡಿಸಿರಬಹುದು.

ಮನೆಗೆ ಡ್ರೈವ್ ಮಾಡ್ಕೊಂಡು ಬರುವಾಗ ಹೊಳೀತು. ಇದೇ ರಾಯರು ಮೂರು ವರ್ಷದ ಹಿಂದೆ ಶಾಂಬರ್ಗ್‌ನ ಅಪಾರ್ಟ್‌ಮೆಂಟ್ ಬಿಟ್ಟು ನೇಪರ್‌ವಿಲ್‌ಗೆ ಬಂದವರು. ಯಾಕೆ ಬಂದರು? ಶಾಲೆಗೆ! ಯಾವ ಬೀದಿ ಯಾವ ಹೈಸ್ಕೂಲಿನ ಗಡಿಯೊಳಗೆ ಬರತ್ತೆ, ಯಾವುದಕ್ಕೆ ಹತ್ತಕ್ಕೆ ಎಷ್ಟು ರೇಟಿಂಗು, ತೆರಿಗೆ ಎಷ್ಟು ಅಂತ ಬಣ್ಣ ಬಣ್ಣದ ಸ್ಪ್ರೆಡ್‌ಶೀಟ್ ಮಾಡಿದ್ದರು. ಆಫೀಸಿನ ಅರ್ಧ ಜನಕ್ಕೆ ಅದನ್ನ ಕಳಿಸಿದ್ದರು. ಅದರಲ್ಲಿದ್ದ ಒಂದು ಫಾರ್ಮುಲಾ ಸರಿಮಾಡಿ ಕೊಟ್ಟಿದ್ದು ನಾನೇ! ಆಗ ಅವರನ್ನ "ಎಷ್ಟು ಮುಂದಾಲೋಚನೆ ಸಾರ್ ನಿಮಗೆ" ಅಂತ ಹೊಗಳಿದವರೇ ಶನಿವಾರ ತಲೆ ಆಡಿಸಿದ್ದು.

ಮಗನಿಗೆ ಒಳ್ಳೇ ಶಾಲೆ ಸಿಗಲಿ ಅಂತ ಮನೆಯನ್ನೇ ಬದಲಾಯಿಸಿದರೆ ಜಾಣತನ. ಮನೆ ಬದಲಾಯಿಸೋಕೆ ದುಡ್ಡಿಲ್ಲದವನು ತನ್ನ ಹತ್ತಿರ ಇರೋ ಒಂದೇ ಒಂದು ಆಸ್ತಿ, ಅಂದ್ರೆ ಆಟ, ಅದನ್ನ ತೋರಿಸಿ ಒಳ್ಳೇ ಶಾಲೆಗೆ ಹೋದರೆ ಮೋಸ. ಎಲ್ಲಿಯ ನ್ಯಾಯ ಸ್ವಾಮಿ ಇದು?

*

ಊರಲ್ಲಿರೋ ಗೆಳೆಯರಿಗೆ ಸ್ವಲ್ಪ ಹಿನ್ನೆಲೆ ಹೇಳಬೇಕು. ಇಲ್ಲಿ ಪಬ್ಲಿಕ್ ಸ್ಕೂಲ್ ಅಂದ್ರೆ ನಿಜವಾಗ್ಲೂ ಸರ್ಕಾರಿ ಶಾಲೆ, ನಮ್ಮಲ್ಲಿಯ ಹಾಗೆ ಟೈ ಕಟ್ಟಿದ ಡೊನೇಷನ್ ಶಾಲೆ ಅಲ್ಲ. ಒಂದೊಂದು ಶಾಲೆಗೂ ಒಂದು ಗಡಿ. ಆ ಗಡಿಯೊಳಗೆ ನಿಮ್ಮ ಮನೆ ಇದ್ದರೆ ನಿಮ್ಮ ಮಗುವಿಗೆ ಅಲ್ಲಿ ಸೀಟು. ಶಾಲೆಯ ಖರ್ಚಿನ ದೊಡ್ಡ ಪಾಲು ಬರೋದು ಆ ಊರಿನ ಮನೆಗಳ ಮೇಲಿನ ತೆರಿಗೆಯಿಂದ. ಹಾಗಾಗಿ ದೊಡ್ಡ ಮನೆಗಳಿರೋ ಊರಲ್ಲಿ ಒಳ್ಳೇ ಶಾಲೆ, ಬಡವರ ಕೇರಿಯಲ್ಲಿ ಸೋರೋ ಶಾಲೆ. ಖಾಸಗಿ ಶಾಲೆಗೆ ಮಾತ್ರ ಈ ಗಡಿ ಇಲ್ಲ. ಮೂವತ್ತು ಮೈಲಿ ಆಚೆಯಿಂದಲೂ ಹುಡುಗರನ್ನ ಕರ್ಕೊಂಡು ಬರಬಹುದು.

ಹೈಸ್ಕೂಲ್ ಆಟಗಳನ್ನ ನಡೆಸೋದು ಒಂದೊಂದು ರಾಜ್ಯಕ್ಕೂ ಒಂದು ಅಸೋಸಿಯೇಷನ್. ಆಟಕ್ಕೋಸ್ಕರ ಹುಡುಗರನ್ನ ಸೆಳೆಯೋ ಹಾಗಿಲ್ಲ ಅಂತ ಅವರ ಪುಸ್ತಕದಲ್ಲಿ ಬರೆದಿದೆ. ಸೆಳೀತಾರೆ, ಅದು ಬೇರೆ ಮಾತು. ಒಬ್ಬ ಹುಡುಗ ಶಾಲೆ ಬದಲಾಯಿಸಿದರೆ ರಾಜ್ಯಕ್ಕೆ ತಕ್ಕ ಹಾಗೆ ಕೆಲವು ವಾರ, ಅರ್ಧ ಸೀಸನ್, ಇಲ್ಲಾ ಇಡೀ ವರ್ಷ ಆಡೋ ಹಾಗಿಲ್ಲ. ಇದಕ್ಕೆ ಸಾಮಾನ್ಯವಾಗಿ ಎಲ್ಲ ಕಡೆ ಇರೋ ವಿನಾಯಿತಿ ಏನು ಗೊತ್ತಾ? ಮನೆಯವರೆಲ್ಲ ನಿಜವಾಗಿ ಮನೆ ಖಾಲಿ ಮಾಡಿ ಹೊಸ ಶಾಲೆಯ ಗಡಿಯೊಳಗೆ ಬಂದಿದ್ದರೆ ಹುಡುಗ ಆಡಬಹುದು!

ನೋಡಿ, ನಿಯಮದಲ್ಲೇ ಬರೆದಿಟ್ಟಿದಾರೆ. ಮನೆ ಬಾಡಿಗೆ ಕಟ್ಟೋ ಶಕ್ತಿ ಇದ್ದರೆ ಸಾಚಾ, ಇಲ್ಲದಿದ್ದರೆ ಬೆಂಚು.

*

ಈ ವಿಷಯ ಬಂದಾಗ ನನಗೆ ನೆನಪಾಗೋದು 'ಹೂಪ್ ಡ್ರೀಮ್ಸ್'. 1994ರಲ್ಲಿ ಬಂದ ಡಾಕ್ಯುಮೆಂಟರಿ, ಸ್ಟೀವ್ ಜೇಮ್ಸ್ ಅನ್ನೋರು ಮಾಡಿದ್ದು. ಮೊದಲು ಅರ್ಧ ಗಂಟೆಯ ಒಂದು ಟೀವಿ ಕಾರ್ಯಕ್ರಮ ಮಾಡೋಣ ಅಂತ ಹೊರಟವರು ವರ್ಷಗಟ್ಟಲೆ ಶೂಟಿಂಗ್ ಮಾಡಿ, 250 ಗಂಟೆಯಷ್ಟು ಚಿತ್ರೀಕರಣವನ್ನ ಮೂರು ಗಂಟೆಗೆ ಹತ್ತಿರದ ಸಿನಿಮಾ ಮಾಡಿದರು. ಎರಡು ಸಲ ನೋಡಿದ್ದೇನೆ. ಎರಡನೇ ಸಲ ಪೂರ್ತಿ ನೋಡೋಕಾಗ್ಲಿಲ್ಲ, ಯಾಕೆ ಅಂತ ಆಮೇಲೆ ಹೇಳ್ತೀನಿ.

ಇಬ್ಬರು ಹುಡುಗರು. ಆರ್ಥರ್ ಏಜಿ, ವಿಲಿಯಂ ಗೇಟ್ಸ್. ಇಬ್ಬರೂ ಶಿಕಾಗೋದ ಬಡ ಕೇರಿಗಳವರು, ಇಬ್ಬರಿಗೂ ಹದಿನಾಲ್ಕು. ಆರ್ಥರ್ ಬೀದಿ ಬದಿಯ ಅಂಗಳದಲ್ಲಿ ಆಡ್ತಾ ಇದ್ದಾಗ ಒಬ್ಬ ಸ್ಕೌಟ್ ನೋಡ್ತಾನೆ, ಹೊರವಲಯದ ವೆಸ್ಟ್‌ಚೆಸ್ಟರ್‌ನಲ್ಲಿದ್ದ ಸೇಂಟ್ ಜೋಸೆಫ್ ಅನ್ನೋ ಕ್ಯಾಥೊಲಿಕ್ ಹೈಸ್ಕೂಲಿಗೆ ಕರ್ಕೊಂಡು ಹೋಗ್ತಾನೆ. ಐಸಾಯ ಥಾಮಸ್ ಓದಿದ ಶಾಲೆ ಅದು. ಥಾಮಸ್ ಯಾರು ಅಂತ ಗೊತ್ತಿಲ್ಲದವರಿಗೆ: ಡೆಟ್ರಾಯಿಟ್‌ಗೆ 1989, 1990ರಲ್ಲಿ ಎನ್‌ಬಿಎ ಪ್ರಶಸ್ತಿ ಗೆದ್ದುಕೊಟ್ಟ ಆಟಗಾರ. ಒಂದು ಕ್ಯಾಂಪಿನಲ್ಲಿ ಆ ಥಾಮಸ್ ಜೊತೆ ಆರ್ಥರ್ ಒಂದು ನಿಮಿಷ ಆಡ್ತಾನೆ. ಆಗ ಅವನ ಮುಖ ನೋಡಬೇಕು ನೀವು.

ಕೇರಿಯಿಂದ ಶಾಲೆಗೆ ಹೋಗೋಕೆ ಒಂದೂವರೆ ಗಂಟೆ, ಬರೋಕೆ ಒಂದೂವರೆ ಗಂಟೆ. ನಸುಕಿನಲ್ಲಿ ಎದ್ದು ಟ್ರೈನು ಬಸ್ಸು ಹಿಡಿದು ಹೋಗೋ ಹುಡುಗರನ್ನ "ಓದೋಕೆ ಬಂದವರಲ್ಲ" ಅಂತ ಹೇಳೋದು ಎಷ್ಟು ಸುಲಭ ಅಲ್ವಾ?

ಇಬ್ಬರಿಗೂ ಸಿಕ್ಕಿದ್ದು ಫೀಸಿನಲ್ಲಿ ಒಂದಷ್ಟು ರಿಯಾಯಿತಿ. ಉಳಿದಿದ್ದನ್ನ ಮನೆಯವರು ಕಟ್ಟಬೇಕು. ವಿಲಿಯಂ ಮೊದಲ ವರ್ಷವೇ ಶಾಲೆಯ ಮುಖ್ಯ ಟೀಮಿಗೆ ಬಂದುಬಿಟ್ಟ. ಅವನ ಬಾಕಿ ಫೀಸನ್ನ ಎನ್‌ಸೈಕ್ಲೋಪೀಡಿಯಾ ಬ್ರಿಟಾನಿಕಾ ಕಂಪನಿಯ ಒಬ್ಬ ಹಿರಿಯ ಅಧಿಕಾರಿ ವಹಿಸಿಕೊಂಡರು. ಆರ್ಥರ್ ಮಾತ್ರ ಅಂದುಕೊಂಡಷ್ಟು ಬೇಗ ಎತ್ತರ ಬೆಳೀಲಿಲ್ಲ, ಆಟವೂ ಅವರಂದುಕೊಂಡ ಮಟ್ಟಕ್ಕೆ ಬರಲಿಲ್ಲ. ಅಷ್ಟರಲ್ಲಿ ಶಾಲೆಯ ಫೀಸು ಜಾಸ್ತಿ ಆಯ್ತು, ಮನೆಯಲ್ಲಿ ಅಪ್ಪನ ಕೆಲಸ ಹೋಯ್ತು. ಬಾಕಿ ಕಟ್ಟಲಿಲ್ಲ ಅಂತ ಎರಡನೇ ವರ್ಷದ ನಡುವೆ ಆರ್ಥರ್‌ನನ್ನ ಶಾಲೆಯಿಂದ ಹೊರಗೆ ಕಳಿಸಿದರು. ಸೆಮಿಸ್ಟರ್ ನಡುವೆ! ಹುಡುಗ ಎರಡು ತಿಂಗಳು ಯಾವ ಶಾಲೆಯೂ ಇಲ್ಲದೆ ಮನೆಯಲ್ಲಿದ್ದ. ಕೊನೆಗೆ ತನ್ನ ಕೇರಿಯ ಸರ್ಕಾರಿ ಶಾಲೆ ಮಾರ್ಷಲ್‌ಗೆ ಸೇರಿದ.

ಕತೆ ಇಲ್ಲಿಗೆ ಮುಗೀಲಿಲ್ಲ. ಹೈಸ್ಕೂಲ್ ಮುಗಿಯೋ ಹೊತ್ತಿಗೆ ಸೇಂಟ್ ಜೋಸೆಫ್‌ನಲ್ಲಿ ಓದಿದ ದಿನಗಳ ಅಂಕಪಟ್ಟಿ ಬೇಕಾಯ್ತು. ಬಾಕಿ ಕಟ್ಟದೆ ಕೊಡೋದಿಲ್ಲ ಅಂತು ಶಾಲೆ. ಅಪ್ಪ ಅಮ್ಮ ಅಲ್ಲಿಗೆ ಹೋಗಿ, ಆಫೀಸಿನಲ್ಲಿ ಕೂತು, ತಿಂಗಳಿಗಿಷ್ಟು ಅಂತ ಕಟ್ಟೋಕೆ ಒಪ್ಪಿಕೊಂಡು ಬರೋ ದೃಶ್ಯ ಸಿನಿಮಾದಲ್ಲಿದೆ. ಯಾರೂ ಕೂಗಾಡಲ್ಲ. ಎಲ್ಲ ಬಹಳ ಮರ್ಯಾದೆಯಿಂದ ನಡೆಯತ್ತೆ.

ಆಮೇಲೆ ಏನಾಯ್ತು ಅಂತ ಕುತೂಹಲ ಇರೋರಿಗೆ: 1991ರಲ್ಲಿ ಮಾರ್ಷಲ್ ಶಾಲೆ ಶಿಕಾಗೋ ಸಿಟಿ ಚಾಂಪಿಯನ್ ಆಗಿ, ರಾಜ್ಯಕ್ಕೇ ಮೂರನೇ ಸ್ಥಾನ ಬಂತು, ಆರ್ಥರ್ ಆ ಟೀಮಿನ ತಾರೆ. ವಿಲಿಯಂ ಮಂಡಿ ಒಡೆದುಕೊಂಡು, ಆಪರೇಷನ್ ಮಾಡಿಸ್ಕೊಂಡು, ಅವಸರದಲ್ಲಿ ಮತ್ತೆ ಆಡಿ, ಮತ್ತೆ ನೋವು ಮಾಡ್ಕೊಂಡು ಹೇಗೋ ಮಾರ್ಕೆಟ್ ಯೂನಿವರ್ಸಿಟಿ ಸೇರಿದ. ಇಬ್ಬರೂ ಎನ್‌ಬಿಎ ಮುಟ್ಟಲಿಲ್ಲ. ನನಗೆ ಇಷ್ಟ ಆಗಿದ್ದು ಆರ್ಥರ್ ಅಮ್ಮ ಶೀಲಾ. ಮನೆಯ ಕರೆಂಟ್ ಕಟ್ ಆಗಿ ಕತ್ತಲಲ್ಲಿದ್ದ ಹೆಂಗಸು, ನರ್ಸಿಂಗ್ ಅಸಿಸ್ಟೆಂಟ್ ಪರೀಕ್ಷೆ ಕಟ್ಟಿ ತರಗತಿಗೇ ಮೊದಲು ಬರ್ತಾಳೆ. ರಾಯರು ಹೇಳಿದ "ಇಂಥೋರು" ಅಂದ್ರೆ ಇವರೇ.

ಅಂದಹಾಗೆ ಅಂಥಾ ಸಿನಿಮಾಗೆ ಆಸ್ಕರ್‌ನ ಡಾಕ್ಯುಮೆಂಟರಿ ವಿಭಾಗದಲ್ಲಿ ನಾಮಕರಣ ಕೂಡಾ ಸಿಗಲಿಲ್ಲ, ಎಡಿಟಿಂಗ್‌ಗೆ ಮಾತ್ರ ಸಿಕ್ಕಿತು. ಆ ಗಲಾಟೆಯ ಬಗ್ಗೆ ಇನ್ನೊಂದು ಪೋಸ್ಟ್ ಬರೀಬಹುದು, ಇರಲಿ.

*

ಈಗ ಎರಡನೇ ಸಲ ಯಾಕೆ ಪೂರ್ತಿ ನೋಡೋಕಾಗ್ಲಿಲ್ಲ ಅಂತ. ಇದನ್ನ ಇಲ್ಲಿ ಯಾವತ್ತೂ ಬರೆದಿಲ್ಲ.

ನಾನು ತಿಪಟೂರು ಕಡೆಯವನು. ಹೈಸ್ಕೂಲಲ್ಲೇ ಆರಡಿ ಇದ್ದೆ. ನಮ್ಮ ಪಿ.ಟಿ. ಮೇಷ್ಟ್ರು ಮಣ್ಣಿನ ಅಂಕಣದಲ್ಲಿ, ಬಲೆ ಇಲ್ಲದ ಒಂದು ರಿಂಗಿನಲ್ಲಿ ನನಗೆ ಬ್ಯಾಸ್ಕೆಟ್‌ಬಾಲ್ ಕಲಿಸಿದರು. ಹತ್ತನೇ ಕ್ಲಾಸಿನಲ್ಲಿ ರಾಜ್ಯ ಮಟ್ಟಕ್ಕೆ ಹೋಗಿ ಬಂದೆ. ಆ ಬೇಸಿಗೆಯಲ್ಲಿ ಒಂದು ಖಾಸಗಿ ಪಿಯು ಕಾಲೇಜಿನವರು ಮನೆಗೇ ಬಂದರು. "ಸೈನ್ಸ್ ಕೊಡ್ತೀವಿ, ಫೀಸು ಅರ್ಧ, ಹಾಸ್ಟೆಲ್ ಫ್ರೀ, ಹುಡುಗ ನಮ್ಮ ಕಾಲೇಜಿಗೆ ಆಡಿದರೆ ಸಾಕು" ಅಂದರು. ಅಮ್ಮ ಕಾಫಿ ಕೊಟ್ಟಳು. ಅಪ್ಪ ಕೈ ಮುಗಿದರು. ಕಾಗದ ಗೀಗದ ಏನೂ ಇಲ್ಲ, ಬಾಯಿ ಮಾತು.

ಮೊದಲ ವರ್ಷ ಆಡಿದೆ, ಕಾಲೇಜಿಗೆ ಒಂದು ಕಪ್ಪೂ ಬಂತು. ಎರಡನೇ ವರ್ಷ ಶುರುವಿನಲ್ಲೇ ಕಾಲಿನ ಗೆಣ್ಣು ತಿರುಚಿ ಲಿಗಮೆಂಟ್ ಹರೀತು. ಮೂರು ತಿಂಗಳು ಕುಂಟಿದೆ. ಟೀಮಿನಲ್ಲಿ ನನ್ನ ಜಾಗಕ್ಕೆ ಇನ್ನೊಬ್ಬ ಬಂದ, ಅವನ ಮನೆಗೂ ಹೀಗೇ ಹೋಗಿ ಕಾಫಿ ಕುಡಿದು ಬಂದಿರಬೇಕು. ಫೆಬ್ರವರಿಯಲ್ಲಿ ಹಾಲ್ ಟಿಕೆಟ್ ತಗೊಳ್ಳೋಕೆ ಹೋದರೆ ಕಿಟಕಿಯ ಹಿಂದಿದ್ದ ಗುಮಾಸ್ತ, "ನಿಂದು ಫುಲ್ ಫೀಸು ಬಾಕಿ ಇದೆಯಲ್ಲಪ್ಪ, ಹಾಸ್ಟೆಲ್ಲೂ ಸೇರಿ" ಅಂದ. ಎರಡೂ ವರ್ಷದ್ದು. ಪ್ರಿನ್ಸಿಪಾಲರ ಹತ್ತಿರ ಹೋದೆ. "ನೀನು ಈ ವರ್ಷ ಆಡಿಲ್ವಲ್ಲ" ಅಂದರು. ಅಷ್ಟೇ.

ಅಪ್ಪ ಮಂಡಿಯವರ ಹತ್ತಿರ ಹೋಗಿ ಮುಂದಿನ ವರ್ಷದ ಕೊಬ್ಬರಿಯ ಮೇಲೆ ಮುಂಗಡ ತಂದು ಕಟ್ಟಿದರು. ಬಡ್ಡಿ ಎಷ್ಟು ಅಂತ ನನಗೆ ಇವತ್ತಿಗೂ ಹೇಳಿಲ್ಲ. ನಾನು ಪರೀಕ್ಷೆ ಬರೆದೆ, ಸಿಇಟಿ ಬರೆದೆ, ಇಂಜಿನಿಯರಿಂಗ್ ಸೇರಿದೆ, ಇಲ್ಲಿಗೆ ಬಂದೆ. ಬಾಲ್ ಮತ್ತೆ ಮುಟ್ಟಲಿಲ್ಲ. ನನ್ನದು ಸುಖಾಂತ್ಯ, ಅದಕ್ಕೇ ಈ ಕತೆ ಹೇಳೋಕೆ ನಾಚಿಕೆ. ಮನೆಯಲ್ಲಿ ನಾಲ್ಕು ತೆಂಗಿನಮರ ಇಲ್ಲದೇ ಇದ್ದಿದ್ರೆ?

ಆಟಗಾರರಿಗೆ ಸೀಟು ಕೊಡೋದೇ ತಪ್ಪು ಅಂತ ನಾನು ಹೇಳ್ತಿಲ್ಲ. ಮೂಡುಬಿದಿರೆಯ ಆಳ್ವಾಸ್‌ನಲ್ಲಿ ಕ್ರೀಡಾ ದತ್ತು ಅಂತ ಮಾಡಿ ಎಷ್ಟೋ ಹಳ್ಳಿ ಮಕ್ಕಳನ್ನ ಓದಿಸಿದ್ದಾರೆ. ಕೊಡಲಿ, ಇನ್ನೂ ಕೊಡಲಿ. ನನ್ನ ತಕರಾರು ಇಷ್ಟೇ, ಕೊಟ್ಟ ಮೇಲೆ ಕಾಲು ಮುರಿದರೂ ಕೊಡಬೇಕು.

*

ಅಮೆರಿಕಾಕ್ಕೆ ವಾಪಸ್ ಬರೋಣ. ಒಹಾಯೋ ರಾಜ್ಯದ ಆಕ್ರನ್ ಅನ್ನೋ ಊರು. ಲೆಬ್ರಾನ್ ಜೇಮ್ಸ್ ಹುಟ್ಟಿದ ಊರು ಅಂದ್ರೆ ಎಲ್ಲರಿಗೂ ಗೊತ್ತಾಗತ್ತೆ. 1999ರಲ್ಲಿ ಲೆಬ್ರಾನ್ ಮತ್ತು ಅವನ ಮೂರು ಜನ ಗೆಳೆಯರು ಒಟ್ಟಿಗೇ ಒಂದೇ ಹೈಸ್ಕೂಲಿಗೆ ಹೋಗೋದು ಅಂತ ತೀರ್ಮಾನ ಮಾಡ್ತಾರೆ. ಊರಿನ ಕಪ್ಪು ಜನರ ಹೆಮ್ಮೆಯ ಸರ್ಕಾರಿ ಶಾಲೆ ಬುಕ್ಟೆಲ್‌ಗೆ ಹೋಗ್ತಾರೆ ಅಂತ ಎಲ್ಲರೂ ಕಾಯ್ತಾ ಇದ್ದರು. ಗುಂಪಿನಲ್ಲಿ ಒಬ್ಬ ಹುಡುಗ ತುಂಬಾ ಕುಳ್ಳ, ಬುಕ್ಟೆಲ್‌ನಲ್ಲಿ ತನಗೆ ಅವಕಾಶ ಸಿಗಲ್ಲ ಅಂತ ಅವನಿಗನ್ನಿಸ್ತು. ಅವನೊಬ್ಬನಿಗೋಸ್ಕರ ನಾಲ್ಕೂ ಜನ ಹೆಚ್ಚಾಗಿ ಬಿಳಿಯರೇ ಓದ್ತಿದ್ದ ಸೇಂಟ್ ವಿನ್ಸೆಂಟ್-ಸೇಂಟ್ ಮೇರಿ ಅನ್ನೋ ಕ್ಯಾಥೊಲಿಕ್ ಶಾಲೆಗೆ ಹೋದರು. ಊರಿನವರು ದ್ರೋಹಿಗಳು ಅಂದರು. ಹದಿನಾಲ್ಕು ವರ್ಷದ ಮಕ್ಕಳಿಗೆ!

ಆಮೇಲೆ ಏನಾಯ್ತು ನೋಡಿ. ಶಾಲೆಯ ಜಿಮ್ ಸಾಲದೆ ಪಂದ್ಯಗಳನ್ನ ಆಕ್ರನ್ ಯೂನಿವರ್ಸಿಟಿಯ ದೊಡ್ಡ ಒಳಾಂಗಣಕ್ಕೆ ಒಯ್ದರು, ಟಿಕೆಟ್ ಮಾರಿದರು. 2002ರ ಡಿಸೆಂಬರಿನಲ್ಲಿ ಒಂದು ಪಂದ್ಯವನ್ನ ಇಎಸ್‌ಪಿಎನ್2 ದೇಶಕ್ಕೆಲ್ಲ ತೋರಿಸ್ತು. ಶಾಲೆಗೆ ಹೆಸರು, ಚಾನೆಲ್ಲಿಗೆ ವೀಕ್ಷಕರು. ಅದಾದ ಒಂದೆರಡು ತಿಂಗಳಿಗೆ, 2003ರ ಜನವರಿ ಕೊನೆಯಲ್ಲಿ, ಒಂದು ಅಂಗಡಿಯವನು ಪುಕ್ಕಟೆ ಕೊಟ್ಟ 845 ಡಾಲರಿನ ಎರಡು ಜೆರ್ಸಿ ತಗೊಂಡ ಅಂತ ರಾಜ್ಯದ ಅಸೋಸಿಯೇಷನ್ ಲೆಬ್ರಾನ್‌ನನ್ನ ಆಟದಿಂದಲೇ ಹೊರಗೆ ಹಾಕ್ತು. ಕೋರ್ಟಿಗೆ ಹೋಗಿ ಶಿಕ್ಷೆ ಕಡಿಮೆ ಮಾಡಿಸ್ಕೋಬೇಕಾಯ್ತು. ಸಾವಿರಾರು ಜನ ಅವನನ್ನ ನೋಡೋಕೆ ದುಡ್ಡು ಕೊಟ್ಟು ಬರೋದು ವಿದ್ಯಾಭ್ಯಾಸ, ಅವನು ಎರಡು ಅಂಗಿ ತಗೊಂಡರೆ ಭ್ರಷ್ಟಾಚಾರ!

ಇನ್ನೊಂದು. ಆ ಹುಡುಗರು ಆ ಶಾಲೆಗೆ ಹೋಗೋಕೆ ಒಂದು ಕಾರಣ ಅಲ್ಲಿಯ ಕೋಚ್ ಕೀತ್ ಡ್ಯಾಂಬ್ರಾಟ್. ಆ ಹುಡುಗರಿಗೆ ಎರಡು ವರ್ಷ ಕೋಚ್ ಮಾಡಿ, ಎರಡು ಸಲ ರಾಜ್ಯ ಪ್ರಶಸ್ತಿ ಗೆದ್ದು, 2001ರಲ್ಲಿ ಅವರು ಯೂನಿವರ್ಸಿಟಿ ಕೆಲಸ ಸಿಕ್ತು ಅಂತ ಹೊರಟುಹೋದರು. ಹೋಗಲಿ, ಒಳ್ಳೇ ಕೆಲಸ ಸಿಕ್ಕರೆ ಯಾರು ಬಿಡ್ತಾರೆ? ನಾನೂ ನೀವೂ ನೋಟಿಸ್ ಪಿರಿಯಡ್ ಮುಗಿಯೋಕೆ ಕಾಯ್ದೆ ಲ್ಯಾಪ್‌ಟಾಪ್ ವಾಪಸ್ ಕೊಡೋರೇ. ಆದರೆ ನನ್ನ ಪ್ರಶ್ನೆ, ಕೋಚ್‌ನನ್ನ ಒಂದು ವರ್ಷ ಬೆಂಚಿನ ಮೇಲೆ ಕೂರಿಸೋ ನಿಯಮ ಯಾವ ರಾಜ್ಯದಲ್ಲಿದೆ? ನಲವತ್ತು ವರ್ಷದವನಿಗೆ ಇರೋ ಸ್ವಾತಂತ್ರ್ಯ ಹದಿನೈದರ ಹುಡುಗನಿಗೆ ಯಾಕಿಲ್ಲ?

ಅದೇ ಆಕ್ರನ್‌ನಲ್ಲಿ ಇನ್ನೊಬ್ಬ ಹೆಂಗಸಿದ್ದರು, ಕೆಲ್ಲಿ ವಿಲಿಯಮ್ಸ್-ಬೋಲಾರ್. ಇದಕ್ಕೂ ಬ್ಯಾಸ್ಕೆಟ್‌ಬಾಲಿಗೂ ಸಂಬಂಧ ಇಲ್ಲ, ಆದರೆ ರಾಯರ ಸ್ಪ್ರೆಡ್‌ಶೀಟಿಗೆ ಇದೆ. ತನ್ನ ಇಬ್ಬರು ಹೆಣ್ಣುಮಕ್ಕಳನ್ನ ಪಕ್ಕದ ಊರಿನ ಒಳ್ಳೇ ಸರ್ಕಾರಿ ಶಾಲೆಗೆ ಕಳಿಸೋಕೆ ತನ್ನ ಅಪ್ಪನ ಮನೆ ವಿಳಾಸ ಕೊಟ್ಟಿದ್ದರು. ಅಜ್ಜನ ಮನೆ ವಿಳಾಸ! ನಮ್ಮೂರಲ್ಲಿ ಎಷ್ಟು ಜನ ಅಜ್ಜನ ಮನೆಯಲ್ಲಿದ್ದುಕೊಂಡು ಓದಿಲ್ಲ? ಸುಳ್ಳು ದಾಖಲೆ ಕೊಟ್ಟರು ಅಂತ 2011ರ ಜನವರಿಯಲ್ಲಿ ಅವರನ್ನ ಜೈಲಿಗೆ ಹಾಕಿದರು, ಒಂಬತ್ತು ದಿನ ಇದ್ದು ಬಂದರು. ದೇಶವೆಲ್ಲ ಗಲಾಟೆಯಾಗಿ, ಅದೇ ವರ್ಷ ರಾಜ್ಯಪಾಲರು ಅಪರಾಧದ ತೀವ್ರತೆಯನ್ನ ಇಳಿಸಿದರು. ಗಡಿಯೊಳಗೆ ಮನೆ ಕೊಂಡರೆ ಗೃಹಪ್ರವೇಶಕ್ಕೆ ನಮ್ಮನ್ನ ಕರೀತಾರೆ. ವಿಳಾಸ ಸಾಲ ತಂದರೆ ಪೊಲೀಸರು ಬರ್ತಾರೆ.

*

ರಾಯರ ಕಡೆಯಿಂದಲೂ ಒಂದು ಮಾತು ಹೇಳಬೇಕು. ಸರ್ಕಾರಿ ಶಾಲೆಯ ಕೋಚುಗಳ ಸಂಕಟ ಸುಳ್ಳಲ್ಲ. ಆರನೇ ಕ್ಲಾಸಿನಿಂದ ಬೆಳೆಸಿದ ಹುಡುಗನನ್ನ ಯಾರೋ ಬಂದು ಒಯ್ದರೆ ಹೊಟ್ಟೆ ಉರಿಯತ್ತೆ. ನನ್ನ ಪಿ.ಟಿ. ಮೇಷ್ಟ್ರಿಗೂ ಉರಿದಿರಬೇಕು. ಆದರೆ ಈ ಹೊಟ್ಟೆ ಉರಿಗೆ ಇಲ್ಲಿನವರು ಹುಡುಕಿದ ಮದ್ದುಗಳನ್ನ ನೋಡಿ. ನಮ್ಮ ಇಲಿನಾಯ್‌ನಲ್ಲಿ 2005ರಲ್ಲಿ ಗಡಿ ಇಲ್ಲದ ಶಾಲೆಗಳ ವಿದ್ಯಾರ್ಥಿ ಸಂಖ್ಯೆಯನ್ನ 1.65ರಿಂದ ಗುಣಿಸೋದು ಅಂತ ಮಾಡಿದರು. ಅಂದ್ರೆ ಸಾವಿರ ಮಕ್ಕಳಿರೋ ಖಾಸಗಿ ಶಾಲೆಯನ್ನ 1650 ಮಕ್ಕಳ ಶಾಲೆ ಅಂತ ಲೆಕ್ಕ ಹಾಕಿ ದೊಡ್ಡ ಶಾಲೆಗಳ ಜೊತೆ ಆಡಿಸೋದು. ನಮ್ಮ ಆಫೀಸಿನಲ್ಲಿ ಯಾರಾದ್ರೂ ಕೋಡಿನ ನಡುವೆ ಹೀಗೆ 1.65 ಅಂತ ಬರೆದಿಟ್ಟರೆ ರಿವ್ಯೂನಲ್ಲಿ ಜಾಡಿಸ್ತೀವಿ. ಇರಲಿ, ಇದರಿಂದ ಕಪ್ಪುಗಳ ಹಂಚಿಕೆ ಸ್ವಲ್ಪ ಸರಿಹೋಗಬಹುದು. ಫೀಸು ಕಟ್ಟದೆ ಹೊರಬಿದ್ದ ಆರ್ಥರ್‌ಗೆ ಇದರಿಂದ ಏನು?

ಟೆನೆಸಿಯದು ಇನ್ನೂ ಮಜಾ. ನ್ಯಾಶ್‌ವಿಲ್ ಪಕ್ಕದ ಬ್ರೆಂಟ್‌ವುಡ್ ಅಕಾಡೆಮಿ ಅನ್ನೋ ಖಾಸಗಿ ಶಾಲೆಯ ಫುಟ್‌ಬಾಲ್ ಕೋಚ್, ಮುಂದಿನ ವರ್ಷ ಸೇರಲಿದ್ದ ಎಂಟನೇ ಕ್ಲಾಸಿನ ಹುಡುಗರಿಗೆ ಪ್ರಾಕ್ಟೀಸಿಗೆ ಬನ್ನಿ ಅಂತ ಪತ್ರ ಬರೆದ. ಇದು ಸೆಳೆಯೋದೇ ಅಂತ 1997ರಲ್ಲಿ ರಾಜ್ಯದ ಅಸೋಸಿಯೇಷನ್ 3000 ಡಾಲರ್ ದಂಡ ಹಾಕಿ, ಫುಟ್‌ಬಾಲ್ ಮತ್ತು ಹುಡುಗರ ಬ್ಯಾಸ್ಕೆಟ್‌ಬಾಲ್ ಟೀಮುಗಳು ಎರಡು ವರ್ಷ ಪ್ಲೇಆಫ್ ಆಡೋ ಹಾಗಿಲ್ಲ ಅಂತು. ಶಾಲೆ ಕೇಸು ಹಾಕ್ತು. ಆ ಕೇಸು ಸುಪ್ರೀಂ ಕೋರ್ಟಿಗೆ ಒಂದಲ್ಲ ಎರಡು ಸಲ ಹೋಯ್ತು, 2001ರಲ್ಲಿ ಮತ್ತು 2007ರಲ್ಲಿ! ಕೊನೆಗೆ ಅಸೋಸಿಯೇಷನ್ ಗೆದ್ದಿತು. ಹತ್ತು ವರ್ಷ, ಎರಡೂ ಕಡೆ ದೊಡ್ಡ ದೊಡ್ಡ ವಕೀಲರು. ವಾದ ಏನು? ಶಾಲೆಗೆ ಪತ್ರ ಬರೆಯೋ ವಾಕ್ ಸ್ವಾತಂತ್ರ್ಯ ಇದೆಯೋ ಇಲ್ಲವೋ ಅಂತ. ಶಾಲೆಯ ಹಕ್ಕು, ಅಸೋಸಿಯೇಷನ್ನಿನ ಹಕ್ಕು. ಪತ್ರ ಓದಿದ ಹುಡುಗನ ಹಕ್ಕಿಗೆ ಒಂದು ಕೇಸೂ ಇಲ್ಲ.

ಹಾಗಂತ ಖಾಸಗಿ ಶಾಲೆಗಳೆಲ್ಲ ರಾಕ್ಷಸರೂ ಅಲ್ಲ. ಜೆರ್ಸಿ ಸಿಟಿಯಲ್ಲಿ ಸೇಂಟ್ ಆಂಥೊನಿ ಅಂತ ಒಂದು ಶಾಲೆ ಇತ್ತು. ಸ್ವಂತದ ಜಿಮ್ ಕೂಡಾ ಇಲ್ಲದ ಬಡ ಶಾಲೆ. ಬಾಬ್ ಹರ್ಲಿ ಅನ್ನೋರು 1970ರ ದಶಕದಿಂದ ಅಲ್ಲೇ ಕೋಚ್, ಹೊಟ್ಟೆಪಾಡಿಗೆ ಬಹಳ ವರ್ಷ ಪ್ರೊಬೇಷನ್ ಅಧಿಕಾರಿ. ಸಾವಿರಕ್ಕೂ ಹೆಚ್ಚು ಪಂದ್ಯ, ಇಪ್ಪತ್ತೈದಕ್ಕೂ ಹೆಚ್ಚು ರಾಜ್ಯ ಪ್ರಶಸ್ತಿ ಗೆದ್ದರು, 2010ರಲ್ಲಿ ಹಾಲ್ ಆಫ್ ಫೇಮ್ ಸೇರಿದರು. ಬೇರೆ ಕಡೆಯಿಂದ ಕರೆ ಬಂದರೂ ಮಕ್ಕಳನ್ನ ಬಿಟ್ಟು ಹೋಗಲಿಲ್ಲ. ಆ ಶಾಲೆ 2017ರಲ್ಲಿ ದುಡ್ಡಿಲ್ಲದೆ ಮುಚ್ಚಿಹೋಯ್ತು. ಆರ್ಥರ್‌ನನ್ನ ಕಳಿಸಿದ ಸೇಂಟ್ ಜೋಸೆಫ್ ಕೂಡಾ 2021ರಲ್ಲಿ ಮುಚ್ಚಿತು. ಖುಷಿ ಪಡೋಕೆ ಹೋದೆ, ಆಗಲಿಲ್ಲ.

ಈಗೆಲ್ಲ ಬದಲಾಗಿದೆ, ಹುಡುಗರಿಗೇ ದುಡ್ಡು ಬರ್ತಿದೆ ಅಂತೀರಾ? ನಿಜ. 2021ರಲ್ಲಿ ಅಟ್ಲಾಂಟಾದಲ್ಲಿ ಓವರ್‌ಟೈಮ್ ಎಲೀಟ್ ಅಂತ ಶುರುವಾಯ್ತು, ಹೈಸ್ಕೂಲ್ ವಯಸ್ಸಿನ ಆಟಗಾರರಿಗೆ ವರ್ಷಕ್ಕೆ ಒಂದು ಲಕ್ಷ ಡಾಲರಿಗೂ ಮೇಲೆ ಸಂಬಳ. ಅಲ್ಲಿಂದ ಥಾಂಪ್ಸನ್ ಅವಳಿಗಳು 2023ರ ಡ್ರಾಫ್ಟಿನಲ್ಲಿ ನಾಲ್ಕನೆಯವ, ಐದನೆಯವ ಆಗಿ ಎನ್‌ಬಿಎಗೆ ಹೋದರು. ಸಂತೋಷ. ಲೆಬ್ರಾನ್‌ಗಳಿಗೆ ಯಾವ ಕಾಲದಲ್ಲೂ ದಾರಿ ಇರತ್ತೆ. ನಾನು ಹೇಳ್ತಿರೋದು ಆರಡಿ ಎಂಟಿಂಚು ಬೆಳೆದೂ ಎನ್‌ಬಿಎ ಮುಟ್ಟದ ಸಾವಿರಾರು ಹುಡುಗರ ಬಗ್ಗೆ. ರಾಯರು ಬೈದ ಹುಡುಗನೂ ಬಹುಶಃ ಅವರಲ್ಲೊಬ್ಬ.

ನನ್ನನ್ನ ಕೇಳಿದರೆ (ಯಾರೂ ಕೇಳಿಲ್ಲ) ಶಿಕ್ಷೆಯನ್ನ ತಲೆಕೆಳಗು ಮಾಡಬೇಕು. ಹುಡುಗ ಎಲ್ಲಿಂದ ಎಲ್ಲಿಗಾದ್ರೂ ಹೋಗಲಿ, ಹೋದ ದಿನವೇ ಆಡಲಿ. ಆದರೆ ಆಟ ನೋಡಿ ಸೀಟು ಕೊಟ್ಟ ಶಾಲೆ ಅದನ್ನ ಕಾಗದದ ಮೇಲೆ ಬರೆದುಕೊಡಬೇಕು, ನಾಲ್ಕೂ ವರ್ಷಕ್ಕೆ. ಮಂಡಿ ಒಡೆದರೂ, ಎತ್ತರ ಬೆಳೆಯದಿದ್ದರೂ, ಟೀಮಿನಿಂದ ಬಿದ್ದರೂ ಸೀಟು ಮತ್ತು ರಿಯಾಯಿತಿ ಹಾಗೇ ಇರಬೇಕು. ನಡುವೆ ಕೈ ಬಿಟ್ಟರೆ ಆ ಶಾಲೆಯ ಟೀಮು ಎರಡು ವರ್ಷ ಪ್ಲೇಆಫ್ ಆಡಬಾರದು. ರಾಯರು ಹೇಳಿದ ಎರಡು ವರ್ಷವೇ ಇರಲಿ. ಅಂಕಪಟ್ಟಿ, ಟಿ.ಸಿ., ಹಾಲ್ ಟಿಕೆಟ್ ಇವನ್ನೆಲ್ಲ ಸಾಲದ ಒತ್ತೆ ಇಟ್ಟುಕೊಳ್ಳೋದಂತೂ ಅಮೆರಿಕಾ ಆಗಲಿ ತಿಪಟೂರಾಗಲಿ ಜೈಲಿಗೆ ಹಾಕೋ ಅಪರಾಧ ಆಗಬೇಕು. ಅಜ್ಜನ ವಿಳಾಸ ಕೊಟ್ಟವರಿಗೆ ಒಂಬತ್ತು ದಿನ ಆದರೆ, ಇದಕ್ಕೆ ತೊಂಬತ್ತಾದ್ರೂ ಬೇಡವಾ?

"ಓದೋಕೆ ಬಂದಿದಾನಾ" ಅನ್ನೋ ಮಾತಿಗೊಂದು ಉತ್ತರ ಬಾಕಿ ಇದೆ. 2010ರಲ್ಲಿ ಪಂಜಾಬಿನ ಬಲ್ಲೋ ಕೆ ಅನ್ನೋ ಹಳ್ಳಿಯ ಹದಿನಾಲ್ಕು ವರ್ಷದ ಸತ್ನಾಮ್ ಸಿಂಗ್, ಇಂಗ್ಲಿಷ್ ಬಾರದ ರೈತನ ಮಗ, ಬ್ಯಾಸ್ಕೆಟ್‌ಬಾಲ್ ಸ್ಕಾಲರ್‌ಶಿಪ್ ಮೇಲೆ ಫ್ಲೋರಿಡಾದ ಐಎಂಜಿ ಅಕಾಡೆಮಿಗೆ ಬಂದ. 2015ರಲ್ಲಿ ಡಲ್ಲಾಸ್ ತಂಡ ಅವನನ್ನ 52ನೆಯವನಾಗಿ ಆರಿಸ್ಕೊಂಡಾಗ ಭಾರತದಲ್ಲೆಲ್ಲ ಹಬ್ಬ. ಅವನು ಬಂದಿದ್ದೂ ಬಾಲ್ ಆಡೋಕೇ, ಸಾರ್. ಅವತ್ತು ನಮ್ಮಲ್ಲಿ ಒಬ್ಬರ ಬಾಯಲ್ಲೂ ಮೋಸ ಅನ್ನೋ ಮಾತು ನಾನು ಕೇಳಲಿಲ್ಲ.

ರಾಯರಿಗೆ ಭಾನುವಾರ 'ಹೂಪ್ ಡ್ರೀಮ್ಸ್' ಹೆಸರು ಮೆಸೇಜ್ ಮಾಡಿದ್ದೆ, ಪುರುಸೊತ್ತಾದಾಗ ನೋಡಿ ಸಾರ್ ಅಂತ. ಇವತ್ತು ಬೆಳಿಗ್ಗೆ ಕಾಫಿ ಮೆಷಿನ್ ಹತ್ತಿರ ಸಿಕ್ಕರು. "ಮೂರು ಗಂಟೆ ಅಂತಲ್ಲಯ್ಯಾ ಅದು, ಯಾರು ನೋಡ್ತಾರೆ" ಅಂದರು. ಆಮೇಲೆ ದನಿ ಇಳಿಸಿ, ಮಗನಿಗೆ ಈ ಬೇಸಿಗೆಯಲ್ಲಿ ಪ್ರೈವೇಟ್ ಕೋಚ್ ಇಡೋಣ ಅಂತಿದೀನಿ, ಆ ಕ್ಯಾಥೊಲಿಕ್ ಶಾಲೆಯ ಅಸಿಸ್ಟೆಂಟ್ ಕೋಚೇ ಗಂಟೆಗಿಷ್ಟು ಅಂತ ಹೇಳಿಕೊಡ್ತಾನಂತೆ, ನಿಂಗೇನನ್ಸತ್ತೆ ಅಂತ ಕೇಳಿದರು.